ಅಫೀಮನ್ನು ನೀರುಪಾಲು ಮಾಡಿದ ಲಿನ್ ತ್ಸೆಶೂ ಎಂಬವನ ಚರಿತ್ರೆ

ಕೇಡನ್ನು ತಡೆಯಬೇಕೆಂದು ಹೊರಟ ಅಧಿಕಾರಿಗಳು ಲೋಕದಲ್ಲಿ ಅನೇಕರು ಆಗಿಹೋಗಿದ್ದಾರೆ. ಅವರಲ್ಲಿ ಲಂಚಕ್ಕೆ ಕೈಯೊಡ್ಡದೆ, ಬಲಿಷ್ಠರ ಮೋರೆ ನೋಡದೆ, ತನ್ನ ಜನರ ಮೇಲಣ ಕನಿಕರದಿಂದ ಕೆಲಸ ನಡಿಸಿದವರು ಕೆಲವರೇ. ಚೀನಾ ದೇಶದ ಲಿನ್ ತ್ಸೆಶೂ ಎಂಬವನು ಆ ಕೆಲವರಲ್ಲಿ ಒಬ್ಬನು. ಅವನು ಕ್ರೈಸ್ತನಲ್ಲ. ಆದರೂ ಅವನ ಚರಿತ್ರೆಯನ್ನು ಇಲ್ಲಿ ಬರೆಯುವುದಕ್ಕೆ ಎರಡು ಕಾರಣಗಳುಂಟು. ಅವನು ಹಿಡಿದು ನಾಶಮಾಡಿದ ಅಫೀಮಿನ ಬಹುಭಾಗವು ನಮ್ಮ ಭಾರತ ದೇಶದ ಹೊಲಗಳಲ್ಲಿಯೇ ಬೆಳೆದದ್ದಾಗಿತ್ತು; ಇದು ಮೊದಲನೆಯ ಕಾರಣ. ಮತ್ತಿನ ಪದಾರ್ಥವನ್ನು ಅರಸರು ಕಾನೂನಿನಿಂದ ನಿಷೇಧಿಸುವಾಗ ಊರಲ್ಲಿಯೂ ಮನೆಯಲ್ಲಿಯೂ ಏನೇನು ಸಂಭವಿಸುತ್ತದೆ, ಕಾನೂನಿನಿಂದ ಆಗತಕ್ಕದ್ದು ಯಾವುದು, ಆಗದೆ ಇರತಕ್ಕದ್ದು ಯಾವುದು ಎಂಬದು ಅವನ ಬಾಳಿನಲ್ಲಿ ಬಹು ಸ್ಪಷ್ಟವಾಗಿ ಕಂಡುಬರುತ್ತದೆ, ಇದು ಎರಡನೆಯದು.

ಲಿನ್ನನು 1785ನೇ ಇಸವಿಯ ಆಗಸ್ಟ್ 30ರಲ್ಲಿ, ಚೀನಾ ದೇಶದ ತೆಂಕಣ ಕರಾವಳಿಯಲ್ಲಿರುವ ಫೂಚೌ ಎಂಬ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆಯು ಮಕ್ಕಳಿಗೆ ಅಕ್ಷರ ಕಲಿಸಿ ಜೀವಿಸುವ ಬಡ ಉಪಾಧ್ಯಾಯನಾಗಿದ್ದನು. ಆ ಸಂಪಾದನೆಯು ಮನೆಗೆ ಸಾಲದೆ ಇದ್ದದರಿಂದ ತಾಯಿಯು ಕಾಗದದ ಹೂವುಗಳನ್ನು ಮಾಡಿ ಮಾರುತ್ತಿದ್ದಳು. ಆ ಕಾಲದಲ್ಲಿ ಚೀನಾ ದೇಶದಲ್ಲಿ ಉದ್ಯೋಗವನ್ನು ಪರೀಕ್ಷೆಗಳ ಮೂಲಕ ಕೊಡುವ ಪದ್ಧತಿ ಇತ್ತು. ಬಡವನ ಮಗನಾದರೂ ಆ ಕಠಿಣ ಪರೀಕ್ಷೆಗಳಲ್ಲಿ ಗೆದ್ದರೆ ದೊಡ್ಡ ಅಧಿಕಾರಿಯಾಗಬಹುದಿತ್ತು. ಲಿನ್ನನು ದೀಪದ ಮುಂದೆ ಕೂತು ಓದಿ, 1811ರಲ್ಲಿ, ತನ್ನ ಇಪ್ಪತ್ತಾರನೆಯ ವರುಷದಲ್ಲಿ, ಎಲ್ಲಕ್ಕೂ ಮೇಲಣ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದನು. ಅಂದಿನಿಂದ ಅವನು ಒಂದು ಉದ್ಯೋಗದಿಂದ ಮತ್ತೊಂದಕ್ಕೆ ಏರುತ್ತಾ, ನದಿಯ ಕಟ್ಟೆಗಳನ್ನು ಬಲಪಡಿಸುವುದು, ಬರಗಾಲದಲ್ಲಿ ಧಾನ್ಯ ಹಂಚುವುದು, ಹಳೆಯ ವ್ಯಾಜ್ಯಗಳನ್ನು ತೀರಿಸುವುದು ಮುಂತಾದ ಕೆಲಸಗಳನ್ನು ಮಾಡಿದನು. ಅವನ ನ್ಯಾಯವನ್ನೂ ಶುದ್ಧ ಕೈಯನ್ನೂ ನೋಡಿ ಜನರು ಅವನಿಗೆ ನಿರ್ಮಲವಾದ ಆಕಾಶ ಎಂಬ ಅರ್ಥವುಳ್ಳ ಹೆಸರನ್ನು ಕೊಟ್ಟರು.

ಈಗ ಅಫೀಮಿನ ಸಂಗತಿಯನ್ನು ಸ್ವಲ್ಪ ಹೇಳಬೇಕು. ಗಸಗಸೆ ಗಿಡದ ಎಳೆಯ ಕಾಯಿಯನ್ನು ಗೀರಿದರೆ ಹಾಲಿನಂಥ ರಸವು ಸೋರುತ್ತದೆ; ಅದು ಒಣಗಿ ಕಪ್ಪಾದರೆ ಅದೇ ಅಫೀಮು. ವೈದ್ಯನ ಕೈಯಲ್ಲಿ ಅದು ನೋವನ್ನು ಶಮನ ಮಾಡುವ ಮದ್ದು. ಆದರೆ ಚೀನಾ ದೇಶದಲ್ಲಿ ಅದನ್ನು ದೀಪದ ಮೇಲೆ ಕಾಯಿಸಿ ಕೊಳವೆಯಲ್ಲಿ ಸೇದುವ ಅಭ್ಯಾಸ ಹುಟ್ಟಿತು. ಸೇದುವವನಿಗೆ ದಿನೇ ದಿನೇ ಹೆಚ್ಚು ಬೇಕಾಗುವದು. ಬಿಟ್ಟರೆ ಮೈಯೆಲ್ಲಾ ನೋವು, ನಡುಕ, ವಾಂತಿ. ಚೀನಾದ ಚಕ್ರವರ್ತಿಯು 1729ರಲ್ಲಿಯೇ ಅದರ ಮಾರಾಟವನ್ನೂ ಸೇದುವ ಅಂಗಡಿಗಳನ್ನೂ ನಿಷೇಧಿಸಿದನು. ಆ ಕಾಲದಲ್ಲಿ ಹೊರಗಿನಿಂದ ಬರುತ್ತಿದ್ದದ್ದು ವರುಷಕ್ಕೆ ಸುಮಾರು 200 ಪೆಟ್ಟಿಗೆ. ಒಂದೊಂದು ಪೆಟ್ಟಿಗೆಯಲ್ಲಿ ಸುಮಾರು 60 ಕಿಲೋ ತೂಕದ ಅಫೀಮು ಇರುತ್ತಿತ್ತು. ನಿಷೇಧದ ಮೇಲೆ ನಿಷೇಧ ಹೊರಟರೂ 1838ರ ಹೊತ್ತಿಗೆ ಅದು ಸುಮಾರು 40,000 ಪೆಟ್ಟಿಗೆಗಳಿಗೆ ಏರಿತ್ತು.

ಇದು ಹೇಗಾಯಿತೆಂದರೆ, ಇಂಗ್ಲಿಷರ ಕುಂಪಣಿ ಸರ್ಕಾರವು ಚೀನಾದಿಂದ ಚಹವನ್ನು ಬೆಳ್ಳಿ ಕೊಟ್ಟು ಕೊಳ್ಳಬೇಕಾಗಿತ್ತು. ಆ ಬೆಳ್ಳಿಯನ್ನು ತಿರಿಗಿ ಪಡೆಯುವುದಕ್ಕೆ ಅವರಿಗೆ ಅಫೀಮು ದೊರಕಿತು. ಗಂಗಾನದಿಯ ಬಯಲಿನಲ್ಲಿ, ಪಾಟ್ನಾ ಮತ್ತು ಕಾಶಿಯ ಸೀಮೆಗಳಲ್ಲಿ, ಕುಂಪಣಿಯವರು ರೈತರಿಗೆ ಮುಂಗಡ ಹಣ ಕೊಟ್ಟು ಗಸಗಸೆಯನ್ನು ಬೆಳೆಸುತ್ತಿದ್ದರು. ಬೆಳೆದವನು ಅದನ್ನು ಅವರಿಗೇ, ಅವರು ಗೊತ್ತುಮಾಡಿದ ಬೆಲೆಗೇ ಕೊಡಬೇಕಾಗಿತ್ತು. ಮಾಳವ ಸೀಮೆಯ ಅಫೀಮು ಮುಂಬಯಿಯಿಂದ ಹಡಗು ಏರುತ್ತಿತ್ತು. ಕುಂಪಣಿಯವರು ಕಲ್ಕತ್ತೆಯಲ್ಲಿ ಸವಾಲು ಕೂಗಿ ಮಾರಿ ಕೈತೊಳೆದುಕೊಳ್ಳುವರು. ವರ್ತಕರು ಅದನ್ನು ಚೀನಾ ಕರೆಯ ಲಿಂಟಿನ್ ಎಂಬ ದ್ವೀಪದ ಬಳಿ ಲಂಗರು ಹಾಕಿದ ಹಡಗುಗಳಲ್ಲಿ ಇಡುವರು. ಅಲ್ಲಿಂದ ಚೀನೀ ಕಳ್ಳಸಾಗಣೆಗಾರರು ಅನೇಕ ಹುಟ್ಟುಗಳುಳ್ಳ ವೇಗದ ದೋಣಿಗಳಲ್ಲಿ ರಾತ್ರಿಯಲ್ಲಿ ದಡಕ್ಕೆ ಒಯ್ಯುವರು. ಹೀಗೆ ಪಾಪವು ಅನೇಕ ಕೈಗಳಿಗೆ ಹಂಚಿಹೋದದ್ದರಿಂದ ಯಾವ ಕೈಯೂ ತನ್ನನ್ನು ಮೈಲಿಗೆಯೆಂದು ಎಣಿಸಲಿಲ್ಲ.

ಬೆಳ್ಳಿಯು ದೇಶದಿಂದ ಹೊರಗೆ ಹರಿದುಹೋದ ಕಾರಣ ಅಫೀಮನ್ನು ಕಣ್ಣಿನಿಂದಲೂ ನೋಡದ ರೈತನಿಗೆ ಕೂಡ ಪೆಟ್ಟು ಬಿತ್ತು. ಅವನು ಧಾನ್ಯವನ್ನು ತಾಮ್ರದ ಕಾಸಿಗೆ ಮಾರುತ್ತಿದ್ದನು, ಕಂದಾಯವನ್ನೋ ಬೆಳ್ಳಿಯ ಲೆಕ್ಕದಲ್ಲಿ ಕಟ್ಟಬೇಕಾಗಿತ್ತು. ಮೊದಲು ಸುಮಾರು 1,000 ಕಾಸಿಗೆ ದೊರಕುತ್ತಿದ್ದ ಒಂದು ತೂಕ ಬೆಳ್ಳಿಗೆ 1838ರಲ್ಲಿ 1,600 ಕಾಸು ಕೊಡಬೇಕಾಯಿತು.

ಹಳೆಯ ನಿಷೇಧಗಳಿಂದ ಹೊಸ ಕೇಡುಗಳೂ ಹುಟ್ಟಿದ್ದವು. ಸುಂಕದ ಕಟ್ಟೆಯ ಜವಾನರು ಪೆಟ್ಟಿಗೆಗೆ ಇಷ್ಟೆಂದು ಲಂಚ ಗೊತ್ತುಮಾಡಿಕೊಂಡು ದೋಣಿಗಳನ್ನು ಬಿಡುತ್ತಿದ್ದರು. ಹುಡುಕುವ ನೆವದಿಂದ ನಿರಪರಾಧಿಗಳ ಮನೆಗೆ ನುಗ್ಗಿ ಹಣ ಕಿತ್ತುಕೊಳ್ಳುವವರು ಎದ್ದರು. ಕಳ್ಳರು ಸಹ ಸರ್ಕಾರದ ಶೋಧಕರ ವೇಷ ಹಾಕಿದರು. ಇದನ್ನು ಕಂಡು ಶೂ ನಾಯ್‌ಚಿ ಎಂಬ ಅಧಿಕಾರಿಯು 1836ರಲ್ಲಿ ಚಕ್ರವರ್ತಿಗೆ ಬಿನ್ನಹ ಮಾಡಿ, ನಿಷೇಧವನ್ನು ತೆಗೆದು ಅಫೀಮಿಗೆ ಸುಂಕ ಹಾಕುವುದೇ ಲೇಸೆಂದು ಸೂಚಿಸಿದನು. ಆ ಮಾತು ನಿಲ್ಲಲಿಲ್ಲ. 1838ರಲ್ಲಿ ಹುವಾಂಗ್ ಚುವೇತ್ಸೆ ಎಂಬ ಮತ್ತೊಬ್ಬನು, ಸೇದುವವರಿಗೆ ಒಂದು ವರುಷದ ಗಡುವು ಕೊಟ್ಟು, ಆ ಮೇಲೆಯೂ ಬಿಡದವರನ್ನು ಕೊಲ್ಲಿಸಬೇಕೆಂದು ಬಿನ್ನವಿಸಿದನು. ಚಕ್ರವರ್ತಿಯು ಎಲ್ಲಾ ಸೀಮೆಗಳ ಅಧಿಪತಿಗಳಿಗೂ ಅಭಿಪ್ರಾಯ ಕೇಳಿದನು.

ಲಿನ್ನನು ಆಗ ಹೂನಾನ್ ಹೂಪೇ ಎಂಬ ಎರಡು ಸೀಮೆಗಳ ಅಧಿಪತಿಯಾಗಿದ್ದನು. ಅವನು ಕಠಿಣವಾದ ಕಾನೂನನ್ನು ಒಪ್ಪಿದನು. ಆದರೆ ಮರಣದಂಡನೆಯ ಭಯವೊಂದೇ ಸಾಲದೆಂದು ಅವನಿಗೆ ಗೊತ್ತಿತ್ತು. ಆದಕಾರಣ ಅವನು ತನ್ನ ಬಿನ್ನಹದ ಸಂಗಡ, ಚಟವನ್ನು ಬಿಡಿಸುವ ಗುಳಿಗೆಗಳನ್ನು ಮಾಡುವ ಕ್ರಮವನ್ನೂ ಬರೆದು ಕಳುಹಿಸಿದನು. ತನ್ನ ಸೀಮೆಗಳಲ್ಲಿ ಕೊಳವೆಗಳನ್ನು ಕೂಡಿಸಿ ಮುರಿಸಿದನು, ಮಾರುವವರನ್ನು ಹಿಡಿಸಿದನು, ಸೇದುವವರಿಗೆ ಔಷಧ ಹಂಚಿಸಿದನು. ಶಿಕ್ಷೆಯೂ ಚಿಕಿತ್ಸೆಯೂ ಒಟ್ಟಿಗೆ ನಡೆದ ಆ ದಿನಗಳೇ ಅವನ ಕೆಲಸದಲ್ಲಿ ಉತ್ತಮವಾದವುಗಳೆಂದು ನಮಗೆ ತೋರುತ್ತದೆ. ಚಕ್ರವರ್ತಿಯು ಅವನನ್ನು ಪೀಕಿಂಗಿಗೆ ಕರಿಸಿ, ಅನೇಕಾವರ್ತಿ ಏಕಾಂತವಾಗಿ ಮಾತಾಡಿ, 1838ರ ಡಿಸೆಂಬರ್ 31ರಲ್ಲಿ ಅಫೀಮನ್ನು ನಿರ್ಮೂಲ ಮಾಡುವ ಪೂರ್ಣಾಧಿಕಾರವನ್ನು ಅವನಿಗೆ ಕೊಟ್ಟನು.

1839ರ ಮಾರ್ಚ್ 10ರಲ್ಲಿ ಲಿನ್ನನು ಕ್ಯಾಂಟನ್ ಪಟ್ಟಣವನ್ನು ಮುಟ್ಟಿದನು. ಪರದೇಶದ ವರ್ತಕರು ವ್ಯಾಪಾರ ಮಾಡಲು ಅಪ್ಪಣೆಯಿದ್ದ ಬಂದರು ಅದೊಂದೇ. ಅವನು ಮೊದಲು ತನ್ನ ಜನರಲ್ಲಿಯೇ ಶೋಧನೆ ಆರಂಭಿಸಿದನು. ಸುಮಾರು 600 ಮಂದಿ ವಿದ್ಯಾರ್ಥಿಗಳನ್ನು ಪರೀಕ್ಷೆಗೆಂದು ಕೂಡಿಸಿ, ಅಫೀಮಿನ ದೊಡ್ಡ ವ್ಯಾಪಾರಿಗಳು ಯಾರಾರೆಂದು ಬರೆಯುವಂತೆ ಮಾಡಿದನು. ಐದೈದು ಜನರು ಒಬ್ಬರಿಗೊಬ್ಬರು ಹೊಣೆಯಾಗಬೇಕೆಂದು ನೇಮಿಸಿದನು. ಮೇ ತಿಂಗಳ ನಡುವಿಗೆ 1,600ಕ್ಕೂ ಹೆಚ್ಚು ಚೀನೀಯರು ಸೆರೆಯಾದರು. ಸೇದುವ ಕೊಳವೆಗಳು ಸುಮಾರು 43,000 ಸಿಕ್ಕಿದವು. ಪರದೇಶಿಗಳು ತಮ್ಮ ಅಫೀಮನ್ನೆಲ್ಲಾ ಒಪ್ಪಿಸಬೇಕೆಂದು ಅವನು ಮಾರ್ಚ್ 18ರಲ್ಲಿ ಆಜ್ಞಾಪಿಸಿದನು. ಅವರು ಎಳೆದಾಡಿದಾಗ 24ನೇ ತಾರೀಕಿನಿಂದ ಅವರ ಮಳಿಗೆಗಳ ಸುತ್ತ ಕಾವಲಿಟ್ಟು, ಚೀನೀ ಆಳುಗಳನ್ನು ಹೊರಗೆ ಕರಿಸಿದನು. ಸುಮಾರು 350 ಮಂದಿ ಪರದೇಶಿಗಳು ಆರು ವಾರಗಳಷ್ಟು ಕಾಲ ಒಳಗೇ ಇರಬೇಕಾಯಿತು; ತಮ್ಮ ಅಡಿಗೆಯನ್ನು ತಾವೇ ಮಾಡಿಕೊಂಡರು. ಕಡೆಗೆ ಇಂಗ್ಲಿಷ್ ಅಧಿಕಾರಿಯಾದ ಚಾರ್ಲ್ಸ್ ಎಲಿಯಟನು ನಷ್ಟವನ್ನು ತನ್ನ ಸರ್ಕಾರವೇ ತುಂಬಿಕೊಡುವದೆಂದು ವರ್ತಕರಿಗೆ ಮಾತುಕೊಟ್ಟು, 20,283 ಪೆಟ್ಟಿಗೆಗಳನ್ನು ಒಪ್ಪಿಸಿದನು. ಆ ಒಂದು ಮಾತಿನಿಂದ ವರ್ತಕರ ಸ್ವಂತ ಸರಕು ಇಂಗ್ಲೆಂಡಿನ ರಾಜ್ಯದ ಲೆಕ್ಕಕ್ಕೆ ಸೇರಿತು. ಮುಂದಿನ ಯುದ್ಧದ ಬೀಜವು ಅಲ್ಲಿ ಬಿತ್ತಲ್ಪಟ್ಟಿತು.

ಜೂನ್ 3ರಿಂದ ಹುಮೆನ್ ಎಂಬ ನದೀಮುಖದಲ್ಲಿ ಅಫೀಮಿನ ನಾಶವು ನಡೆಯಿತು. ಅದನ್ನು ಸುಟ್ಟರೆ ನೆಲಕ್ಕೆ ಇಳಿದ ರಸವನ್ನು ಜನರು ಅಗೆದು ತೆಗೆಯುವರೆಂದು ತಿಳಿದ ಲಿನ್ನನು ದೊಡ್ಡ ಗುಂಡಿಗಳನ್ನು ತೋಡಿಸಿ, ತಳಕ್ಕೆ ಕಲ್ಲು ಹಾಸಿಸಿ, ನೀರು ತುಂಬಿಸಿ, ಉಪ್ಪು ಹಾಕಿಸಿ, ಅಫೀಮಿನ ಉಂಡೆಗಳನ್ನು ಒಡೆದು ನೆನೆಯಿಸಿ, ಅದರ ಮೇಲೆ ಸುಣ್ಣ ಸುರಿಸಿದನು. ಆಳುಗಳು ಹಲಗೆಗಳ ಮೇಲೆ ನಿಂತು ಕಲಕಿದರು, ದುರ್ವಾಸನೆಯುಳ್ಳ ಹೊಗೆಯೆದ್ದಿತು, ಇಳಿತದ ಹೊತ್ತಿನಲ್ಲಿ ತೂಬು ತೆರೆದು ಎಲ್ಲವನ್ನೂ ಸಮುದ್ರಕ್ಕೆ ಬಿಟ್ಟರು. ಈ ಕೆಲಸಕ್ಕೆ ಇಪ್ಪತ್ತಮೂರು ದಿನ ಹಿಡಿಯಿತು. ನೀರನ್ನು ಕೆಡಿಸುವದಕ್ಕಾಗಿ ಲಿನ್ನನು ತನ್ನ ದೇಶಾಚಾರದಂತೆ ಸಮುದ್ರ ದೇವತೆಗೆ ಮೊದಲೇ ಕ್ಷಮೆ ಕೇಳಿದ್ದನು. ಆ ಪೂಜೆಯು ನಮಗೆ ಒಪ್ಪಿತವಲ್ಲ. ಆದರೆ ಮೀನುಗಳಿಗಾದರೂ ಕೇಡಾಗಬಾರದೆಂಬ ಅವನ ಮನಸ್ಸು ನಾವು ನಗತಕ್ಕದ್ದಲ್ಲ. ಅಮೇರಿಕದ ಮಿಶನರಿಯಾದ ಬ್ರಿಜ್‌ಮನ್ ಎಂಬವರು ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ, ಕೆಲಸವು ಕಪಟವಿಲ್ಲದೆ ನಡೆಯುತ್ತಿದೆಯೆಂದು ಸಾಕ್ಷಿ ಬರೆದರು.

ಹೀಗೆ ಪೆಟ್ಟಿಗೆಗಳು ನೀರುಪಾಲಾದವು. ಆದರೆ ಆಶೆಯು ನೀರುಪಾಲಾಗಲಿಲ್ಲ. ಸರಕು ಕಡಿಮೆಯಾದದ್ದರಿಂದ ಬೆಲೆ ಏರಿತು. ಬೆಲೆ ಏರಿದ್ದರಿಂದ ಲಾಭ ಹೆಚ್ಚಿತು. ಲಾಭ ಹೆಚ್ಚಿದ್ದರಿಂದ, ಕ್ಯಾಂಟನಿನಲ್ಲಿ ಮುಚ್ಚಿದ ವ್ಯಾಪಾರವು ಕರಾವಳಿಯ ಉದ್ದಕ್ಕೂ ಬೇರೆ ಕೊಲ್ಲಿಗಳಲ್ಲಿ, ಆಯುಧ ಹೊತ್ತ ಹಡಗುಗಳಿಂದ ನಡೆಯತೊಡಗಿತು. ಅದೇ ಜೂನ್ ತಿಂಗಳಲ್ಲಿ ಪೀಕಿಂಗಿನಿಂದ ಹೊಸ ಕಾನೂನು ಹೊರಟು, ಸೇದುವವರಿಗೆ ಹದಿನೆಂಟು ತಿಂಗಳ ಗಡುವಾಯಿತು. ಅದು ತೀರಿದ ಮೇಲೆ ಸೇದುವವನಿಗೂ ಮರಣವೇ ಶಿಕ್ಷೆ. ಅಂಥ ಕಾನೂನಿನ ಕೆಳಗೆ ಚಟವುಳ್ಳವನ ಹೆಂಡತಿ ಏನು ಮಾಡತಕ್ಕದ್ದು? ನೆರೆಯವನ ಸಹಾಯ ಕೇಳಿದರೆ ಗಂಡನ ಪ್ರಾಣ ಹೋಗುವದು. ಸುಮ್ಮನಿದ್ದರೆ ಮನೆ ಹಾಳಾಗುವದು. ಹೊಣೆಗಾರನಾದ ನೆರೆಯವನು ತನ್ನ ತಲೆ ಉಳಿಸಿಕೊಳ್ಳಲು ದೂರು ಹೇಳಲೇಬೇಕು. ಹೀಗೆ ರೋಗಿಯು ಬೆಳಕಿಗೆ ಬರಬೇಕಾದ ಹೊತ್ತಿನಲ್ಲಿಯೇ ಕತ್ತಲಿಗೆ ಓಡುವಂತಾಗುವದು.

ಲಿನ್ನನಿಗೆ ಇದು ತಿಳಿಯದೆ ಇರಲಿಲ್ಲ. ಕ್ಯಾಂಟನಿನಲ್ಲಿ ಪೀಟರ್ ಪಾರ್ಕರ್ ಎಂಬ ಅಮೇರಿಕದ ಮಿಶನರಿ ವೈದ್ಯರು 1835ರಿಂದ ಆಸ್ಪತ್ರೆ ನಡಿಸುತ್ತಿದ್ದರು. 1839ರ ಬೇಸಿಗೆಯಲ್ಲಿ ಲಿನ್ನನು ಅವರ ಬಳಿಗೆ ಜನರನ್ನು ಕಳುಹಿಸಿ, ಅಫೀಮು ಸೇದುವವರೆಲ್ಲರನ್ನೂ ವಾಸಿಮಾಡುವ ಒಂದು ಮದ್ದು ಉಂಟೋ ಎಂದು ವಿಚಾರಿಸಿದನು. ಎಲ್ಲರಿಗೂ ಒಂದೇ ಮದ್ದೆಂಬದು ಇಲ್ಲ, ಒಬ್ಬೊಬ್ಬ ರೋಗಿಯನ್ನು ಬೇರೆಬೇರೆಯಾಗಿ ನೋಡಬೇಕು ಎಂಬ ಉತ್ತರವು ಬಂತು. ವಾಚಕರೇ, ಇಪ್ಪತ್ತು ಸಾವಿರ ಪೆಟ್ಟಿಗೆಗಳನ್ನು ಒಂದೇ ಆಜ್ಞೆಯಿಂದ ಹಿಡಿದ ಮಹಾಧಿಕಾರಿಯು ಒಬ್ಬ ಮನುಷ್ಯನ ಚಟದ ಮುಂದೆ ಬರಿಗೈಯಲ್ಲಿ ನಿಂತು ವೈದ್ಯನನ್ನು ಕೇಳಬೇಕಾಯಿತೆಂಬದನ್ನು ಮರೆಯಬಾರದು. ಲಿನ್ನನು ತನ್ನ ಅಂಡವಾಯು ರೋಗಕ್ಕೂ ಅವರಿಂದಲೇ ಪಟ್ಟಿಯನ್ನು ತರಿಸಿಕೊಂಡನು. ಪರದೇಶದ ಪುಸ್ತಕಗಳನ್ನೂ ವರ್ತಮಾನ ಪತ್ರಗಳನ್ನೂ ಅವನಿಗೆ ಭಾಷಾಂತರಿಸಿಕೊಟ್ಟವರಲ್ಲಿ ಲಿಯಾಂಗ್ ಚಿನ್‌ತೆ ಎಂಬ ಯೌವನಸ್ಥನು ಇದ್ದನು. ಇವನು ಚೀನಾದ ಮೊದಲಿನ ಪ್ರೊಟೆಸ್ಟಂಟ್ ಸುವಾರ್ತಿಕರಲ್ಲಿ ಒಬ್ಬರಾದ ಲಿಯಾಂಗ್ ಫಾ ಎಂಬವರ ಮಗನು.

ಲಿನ್ನನು ಇಂಗ್ಲೆಂಡಿನ ರಾಣಿಗೆ ಪತ್ರವನ್ನು ಸಹ ಬರೆದನು. ಅಫೀಮು ಇಂಗ್ಲೆಂಡಿನಲ್ಲಿ ನಿಷೇಧವಾಗಿದೆಯೆಂದು ಅವನು ನಂಬಿದ್ದನು. ತಮ್ಮ ದೇಶದಲ್ಲಿ ತಡೆದ ವಿಷವನ್ನು ಪರರ ದೇಶಕ್ಕೆ ಹೇಗೆ ಕಳುಹಿಸುತ್ತೀರೆಂಬದು ಅವನ ಪ್ರಶ್ನೆಯ ಸಾರಾಂಶ. ನಿಜವಾಗಿ 1868ರ ವರೆಗೆ ಇಂಗ್ಲೆಂಡಿನಲ್ಲಿ ಅದು ಸಾಧಾರಣ ಅಂಗಡಿಗಳಲ್ಲಿಯೂ ಸಿಕ್ಕುತ್ತಿತ್ತು. ಉತ್ತರವಾಗಿ ಬಂದದ್ದು ಕಾಗದವಲ್ಲ, ಯುದ್ಧದ ಹಡಗುಗಳು. 1840ರ ಜೂನಿನಲ್ಲಿ ಅವು ಬಂದವು. ಚಕ್ರವರ್ತಿಯು ಭಯಪಟ್ಟು, ತಾನೇ ಕಳುಹಿಸಿದ ಸೇವಕನ ಮೇಲೆ ತಪ್ಪು ಹೊರಿಸಿ, ಆ ವರುಷವೇ ಅವನನ್ನು ಉದ್ಯೋಗದಿಂದ ತೆಗೆದು, 1841ರಲ್ಲಿ ರಾಜ್ಯದ ಪಡುವಣ ಕೊನೆಯಾದ ಇಲಿ ಎಂಬ ಸೀಮೆಗೆ ದೇಶಾಂತರದ ಶಿಕ್ಷೆ ವಿಧಿಸಿದನು. ಹೋಗುವ ದಾರಿಯಲ್ಲಿ ಹಳದಿ ನದಿಯು ಕೈಫೆಂಗ್ ಪಟ್ಟಣದ ಬಳಿ ಕಟ್ಟೆಯೊಡೆದಿತ್ತು. ಲಿನ್ನನು ಅಪ್ಪಣೆಯಂತೆ ಅಲ್ಲಿ ನಿಂತು, ತಿಂಗಳುಗಟ್ಟಲೆ ದುಡಿದು, 1842ರಲ್ಲಿ ಒಡಕನ್ನು ಮುಚ್ಚಿಸಿದನು. ಅದಾದ ಮೇಲೆಯೂ ಕ್ಷಮೆ ಸಿಕ್ಕಲಿಲ್ಲ, ಪಡುವಣಕ್ಕೆ ನಡೆಯಬೇಕಾಯಿತು. ಅವನು ಆ ದಾರಿಯಲ್ಲಿರುವಾಗಲೇ, 1842ರ ಆಗಸ್ಟ್ 29ರಲ್ಲಿ, ನಾನ್‌ಕಿಂಗ್ ಒಡಂಬಡಿಕೆಯಾಯಿತು. ಚೀನಾ ದೇಶವು ಹಾಂಗ್ ಕಾಂಗನ್ನು ಬಿಟ್ಟುಕೊಟ್ಟು, ಐದು ಬಂದರುಗಳನ್ನು ತೆರೆದು, 2 ಕೋಟಿ 10 ಲಕ್ಷ ಡಾಲರ್ ದಂಡ ತೆರಬೇಕಾಯಿತು. ಅದರಲ್ಲಿ 60 ಲಕ್ಷವು ಹುಮೆನಿನಲ್ಲಿ ನಾಶವಾದ ಅಫೀಮಿನ ಬೆಲೆಯೇ.

ದೇಶಾಂತರದಲ್ಲಿಯೂ ಲಿನ್ನನು ಕೈಕಟ್ಟಿ ಕೂರಲಿಲ್ಲ. ಒಣ ನೆಲಕ್ಕೆ ಕಾಲುವೆಗಳನ್ನು ತೋಡಿಸಿ ಸಾಗುವಳಿ ಮಾಡಿಸಿದನು. 1845ರಲ್ಲಿ ಕ್ಷಮೆ ಹೊಂದಿ ತಿರಿಗಿ ಉದ್ಯೋಗಕ್ಕೆ ಬಂದು, 1847ರಲ್ಲಿ ಯುನ್ನಾನ್ ಸೀಮೆಯ ಅಧಿಪತಿಯಾಗಿ, 1849ರಲ್ಲಿ ರೋಗದ ದೆಸೆಯಿಂದ ವಿಶ್ರಾಂತಿ ಹೊಂದಿದನು. ಮರುವರುಷ ತೆಂಕಣದಲ್ಲಿ ದಂಗೆಯೆದ್ದಾಗ ಚಕ್ರವರ್ತಿಯು ಅವನನ್ನೇ ಕರೆದನು. ಮುದುಕನು ಹೊರಟನು, ಆದರೆ ದಾರಿಯಲ್ಲಿಯೇ, ಕ್ಯಾಂಟನ್ ಸೀಮೆಯ ಪುನಿಂಗ್ ಎಂಬಲ್ಲಿ, 1850ರ ನವೆಂಬರ್ 22ರಲ್ಲಿ ತೀರಿಕೊಂಡನು. ಅವನ ಪ್ರಾಯವು ಅರವತ್ತೈದು.

ಅವನ ತರುವಾಯ ಏನಾಯಿತು? ಮತ್ತೊಂದು ಯುದ್ಧದ ನಡುವೆ 1858ರಲ್ಲಿ ಅಫೀಮಿಗೆ ಸುಂಕ ಗೊತ್ತಾಗಿ, ನಿಷೇಧವು ಎದ್ದುಹೋಯಿತು. ಕಳ್ಳದಾರಿ ಮುಚ್ಚಿ ರಾಜಮಾರ್ಗ ತೆರೆದರೆ ಕೇಡು ತಗ್ಗುವದೆಂದು ಹೇಳಿದವರ ಮಾತು ನೆರವೇರಲಿಲ್ಲ. 1880ರ ಸುಮಾರಿಗೆ ಭಾರತದಿಂದ ಹೋಗುವದು ವರುಷಕ್ಕೆ ಲಕ್ಷ ಪೆಟ್ಟಿಗೆಯಷ್ಟಾಯಿತು. ಚೀನಾ ದೇಶದ ರೈತರೇ ಗಸಗಸೆ ಬಿತ್ತಿದ್ದರಿಂದ ಒಳನಾಡಿನ ಬೆಳೆಯು ಅದಕ್ಕಿಂತಲೂ ಮಿಕ್ಕಿಹೋಯಿತು. ಹೀಗೆ ಬರೇ ನಿಷೇಧವೂ ಬರೇ ಅಪ್ಪಣೆಯೂ ಎರಡೂ ಸೋತವು.

ಇಲ್ಲಿ ನಮ್ಮವರ ತಪ್ಪನ್ನೂ ಮರೆಮಾಡದೆ ಹೇಳಬೇಕು. ಗುಟ್ಸ್‌ಲಾಫ್ ಎಂಬ ಮಿಶನರಿಯವರು 1832ರಲ್ಲಿ ಅಫೀಮು ತುಂಬಿದ ಸಿಲ್ಫ್ ಎಂಬ ಹಡಗಿನಲ್ಲಿ ದುಭಾಷಿಯಾಗಿ ಹೋಗಿ, ಅದೇ ಪ್ರಯಾಣದಲ್ಲಿ ಸುವಾರ್ತೆಯ ಪುಸ್ತಕಗಳನ್ನು ಹಂಚಿದರು. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರೇ ಇವರ ಕರೆಯ ಮೇರೆಗೆ 1847ರಲ್ಲಿ ಹಾಂಗ್ ಕಾಂಗಿಗೆ ಬೋಧಕರನ್ನು ಕಳುಹಿಸಿದರು. ಯುದ್ಧದಿಂದ ತೆರೆದ ಬಾಗಿಲುಗಳಿಂದಲೇ ಮಿಶನರಿಗಳು ಒಳಗೆ ಹೋದರು. ಸತ್ಯವೇದವೂ ವಿಷವೂ ಒಂದೇ ಹಡಗಿನಿಂದ ಇಳಿದವೆಂದು ಚೀನೀಯನು ಹೇಳಿದರೆ ಅವನಿಗೆ ಕೊಡತಕ್ಕ ಉತ್ತರವು ನಮ್ಮಲ್ಲಿಲ್ಲ. ತಲೆ ತಗ್ಗಿಸುವುದೇ ಯೋಗ್ಯ. ತರುವಾಯ ಅನೇಕ ಮಿಶನರಿಗಳು ಈ ವ್ಯಾಪಾರದ ವಿರೋಧವಾಗಿ ಇಂಗ್ಲೆಂಡಿನಲ್ಲಿ ಬಹುವರುಷ ಹೋರಾಡಿದ್ದೂ ನಿಜ. 1906ರಲ್ಲಿ ಚೀನಾ ಸರ್ಕಾರವು ಹತ್ತು ವರುಷಗಳಲ್ಲಿ ಮೆಲ್ಲಮೆಲ್ಲನೆ ನಿಲ್ಲಿಸುವ ಆಜ್ಞೆ ಹೊರಡಿಸಿತು. ಮರುವರುಷ ಇಂಗ್ಲೆಂಡ್ ಒಪ್ಪಿತು. 1913ರಲ್ಲಿ ಭಾರತದಿಂದ ಚೀನಾಕ್ಕೆ ಹೋಗುವ ಅಫೀಮು ನಿಂತಿತು.

ಮತ್ತೊಂದು ಕೆಲಸವು ಸದ್ದಿಲ್ಲದೆ ನಡೆದಿತ್ತು. ಶಾನ್ಸಿ ಸೀಮೆಯಲ್ಲಿ ಷೀ ಎಂಬ ಪಂಡಿತನು ಅಫೀಮಿಗೆ ದಾಸನಾಗಿ ಹಾಸಿಗೆ ಹಿಡಿದಿದ್ದನು. 1879ರಲ್ಲಿ ಅವನು ಕ್ರಿಸ್ತನನ್ನು ನಂಬಿ, ಬಹು ಸಂಕಟದಿಂದ ಚಟವನ್ನು ಬಿಟ್ಟು, ತರುವಾಯ ಸಭೆಯ ಪಾಲಕನಾದನು. ಅವರು ಚಟವುಳ್ಳವರಿಗೆ ಆಶ್ರಯದ ಮನೆಗಳನ್ನು ಒಂದರ ಮೇಲೊಂದಾಗಿ ತೆರೆದು, ಗುಳಿಗೆ ಮಾಡಿಕೊಟ್ಟು, ರಾತ್ರಿಯೆಲ್ಲಾ ಹತ್ತಿರ ಕೂತು, ಪ್ರಾರ್ಥನೆ ಮಾಡಿ, 1896ರಲ್ಲಿ ತೀರಿಕೊಳ್ಳುವ ತನಕ ಅದೇ ಸೇವೆಯಲ್ಲಿದ್ದರು. ಲಿನ್ನನು ಪಾರ್ಕರರ ಹತ್ತಿರ ಹುಡುಕಿ ಕಾಣದೆಹೋದ ಮದ್ದು ಗುಳಿಗೆಯೊಂದರಲ್ಲಿಯೇ ಇರಲಿಲ್ಲ. ನಾಚಿಕೆಪಡಿಸದೆ ಹತ್ತಿರ ಕೂರುವ ಮನುಷ್ಯನಲ್ಲಿ ಇತ್ತು.

ಸಭೆಯವರೇ, ಗುಡಿಸಿ ಬರಿದಾಗಿ ಬಿಟ್ಟ ಮನೆಗೆ ಹೊರಟುಹೋದ ದುರಾತ್ಮವು ಇನ್ನೂ ಏಳನ್ನು ಕೂಡಿಸಿಕೊಂಡು ತಿರಿಗಿ ಬಂದ ಸಂಗತಿಯನ್ನು ಕರ್ತನು ನಮಗೆ ತಿಳಿಸಿದ್ದಾನೆ. ಲಿನ್ನನು ಗುಡಿಸುವವರಲ್ಲಿ ಶ್ರೇಷ್ಠನು; ಅವನ ಪ್ರಾಮಾಣಿಕತೆಯನ್ನು ನಾವು ಹೊಗಳಬೇಕು. ಅವನ ಕಾಲದ ಕಾನೂನು ಮನೆಯನ್ನು ಬರಿದು ಮಾಡಲು ನೋಡಿತು, ತುಂಬಿಸಲಾರದೆ ಹೋಯಿತು. ನಮ್ಮ ಹಳ್ಳಿಗಳಲ್ಲಿಯೂ ಕುಡಿತಕ್ಕೋ ಗಾಂಜಾಕ್ಕೋ ಸಿಕ್ಕಿದ ಸಹೋದರನುಂಟು. ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವುದು ಹಿರಿಯರಿಗೆ ಒಂದು ಸಾಯಂಕಾಲದ ಕೆಲಸ. ಆ ಮೇಲೆ ಅವನು ಆರಾಧನೆಗೆ ಬರುವದಿಲ್ಲ, ಅವನ ಹೆಂಡತಿ ನಮ್ಮ ಬಾಗಿಲು ತಟ್ಟುವದಿಲ್ಲ, ಕೇಡು ಕತ್ತಲಲ್ಲಿ ಬೆಳೆಯುತ್ತದೆ. ಶಿಸ್ತು ಬೇಡವೆಂದು ನಾವು ಹೇಳುವದಿಲ್ಲ. ಮಾರುವವನ ಲೋಭಕ್ಕೆ ತಡೆ ಬೇಕೇ ಬೇಕು. ಆದರೆ ಬಿದ್ದವನ ಹೆಸರನ್ನು ಹೊಡೆಯುವ ಮೊದಲು ನಮ್ಮಲ್ಲಿ ಯಾರು ಅವನ ಮನೆಗೆ ಹೋಗಿದ್ದೇವೆ, ನಡುಕದ ರಾತ್ರಿಯಲ್ಲಿ ಯಾರು ಅವನ ಬಳಿಯಲ್ಲಿ ಕೂತಿದ್ದೇವೆ ಎಂದು ಒಬ್ಬೊಬ್ಬರೂ ನಮ್ಮನ್ನು ನಾವೇ ಕೇಳಿಕೊಳ್ಳೋಣ.